ಎಂಬತ್ತೆಂಟು ಕೆಜಿಯ ಸ್ಪ್ರಿಂಗು

ಜನವರಿ 9, ಗುರುವಾರ

ಬೆಳಿಗ್ಗೆ ಎರಡು ಪಂಕ್ಚರ್, ಒಂದು ಕ್ಲಚ್ ಕೇಬಲ್. ಹಾಲಿನವನ ಬ್ರೇಕ್ ಶೂ ಸವೆದು ಕಾಗದ ಆಗಿದೆ. "ಇನ್ನೊಂದ್ ತಿಂಗಳ ನಡೀತೈತಿ ಬಿಡ್ರಿ" ಅಂತಾನೆ. ನಡೆಯೋದು ಗಾಡಿ ಅಲ್ಲ, ನಿನ್ನ ತಿಥಿ ಅಂದೆ. ಸುಮ್ಮನೆ ಹಾಕಿಸಿಕೊಂಡ.

ಮಧ್ಯಾಹ್ನ ಸ್ಪೇರ್ ತರಲು ಹುಬ್ಬಳ್ಳಿಗೆ ಹೋಗುವುದಿತ್ತು. ಭೈಯಾನ ಸ್ಪೋರ್ಟ್ಸ್ ಬೈಕ್ ತೆಗೆದೆ. ಕಲಘಟಗಿ ದಾಟಿ ಸ್ವಲ್ಪ ದೂರ, ಒಂದು ಹಂಪ್. ಹಿಂದಿನ ಗಾಲಿ ಒದ್ದಿತು. ನಾನು ಸೀಟು ಬಿಟ್ಟು ಮೇಲೆದ್ದೆ, ಹ್ಯಾಂಡಲ್ ಅಲ್ಲಾಡಿತು... ಸೀದಾ ಕೊಯ್ದ ಗದ್ದೆಗೆ. ಗಾಡಿಗೆ ಏನೂ ಆಗಿಲ್ಲ. ನನ್ನ ಮೊಣಕೈ ಸುಲಿದಿದೆ.

ಅಮ್ಮ ಅರಿಶಿನ ಹಚ್ಚುತ್ತಾ ಅಂದಳು, "ಆ ಗಾಡಿ ರಮಜಾನ್‌ಂದು. ಬ್ಯಾರೇದವರಿಗೆ ಒಗ್ಗೂದಿಲ್ಲ."

"ನಾ ಬ್ಯಾರೇದಾಕಿ ಏನಮ್ಮಾ? ಅವನ ತಂಗಿ."

ಅರಿಶಿನದ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು.

ಅಕ್ಟೋಬರ್‌ನಲ್ಲಿ ಭೈಯಾನಿಗೆ ಡೆಂಗ್ಯೂ. ಸೋಮವಾರ ಜ್ವರ, ಭಾನುವಾರ ಮಣ್ಣು. ಆ ವಾರದ ಮಾತು ಈ ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಗ್ಯಾರೇಜ್ ಮಾತ್ರ ಮರುದಿನವೇ ತೆಗೆದೆ. ಇಲ್ಲದಿದ್ದರೆ ಹುಚ್ಚು ಹಿಡಿಯುತ್ತಿತ್ತು.

ಜನವರಿ 10, ಶುಕ್ರವಾರ

ಕೂತಾಗ ಗಾಡಿ ಎಷ್ಟು ಕುಸಿಯುತ್ತದೆ ಅಂತ ಅಳೆದೆವು. ಈ ಕೆಲಸಕ್ಕೆ ಮೂವರು ಬೇಕು. ಒಬ್ಬರು ಗಾಡಿಯ ಮೇಲೆ, ಒಬ್ಬರು ಹ್ಯಾಂಡಲ್ ಹಿಡಿಯಲು, ಒಬ್ಬರು ಟೇಪ್ ಹಿಡಿಯಲು. ಮೊದಲು ಭೈಯಾ ಹತ್ತುತ್ತಿದ್ದ, ಮಡಿವಾಳೆಪ್ಪ ಕಾಕಾ ಹಿಡಿಯುತ್ತಿದ್ದರು, ಟೇಪ್ ನನ್ನದು. ಅಪ್ಪನ ಕಾಲದಿಂದ ಇಲ್ಲೇ ದುಡಿದವರು ಕಾಕಾ. ಈಗ ನಾನು ಹತ್ತಬೇಕು. ಟೇಪ್‌ಗೆ ಯಾರು? ಅಮ್ಮನನ್ನು ಕರೆದೆ. ಬರಲಿಲ್ಲ. ಎದುರಂಗಡಿಯ ಟೇಲರ್ ಶಗುಫ್ತಾಳನ್ನು ಕಾಕಾ ಎಬ್ಬಿಸಿಕೊಂಡು ಬಂದರು.

ಕೂತಾಗ ಹಿಂಬದಿ ಮೂವತ್ತು ಮಿಲಿಮೀಟರ್ ಕುಸಿಯಬೇಕು. ಭೈಯಾ ಕೂತರೆ ಸರಿಯಾಗಿ ಮೂವತ್ತು ಕುಸಿಯುತ್ತಿತ್ತು. ನಾನು ಕೂತರೆ ಹದಿನಾರು. ಅವನು ಎಂಬತ್ತೆಂಟು ಕೆಜಿ, ನಾನು ಐವತ್ತೊಂದು. ತನ್ನ ಮೈಭಾರಕ್ಕೆ ಹುಡುಕಿ ಹುಡುಕಿ ತರಿಸಿದ್ದ ಸ್ಪ್ರಿಂಗು. ಅವನಿಗೆ ಹಾಸಿಗೆ, ನನಗೆ ಕಲ್ಲು.

"ಸ್ಪ್ರಿಂಗ್ ಬದ್ಲಿಸಬೇಕ ತಂಗಿ," ಅಂದರು ಕಾಕಾ. "ಇದರ ಬಿಗಿ ತೊಂಬತ್ತೈದು. ನಿನಗ ಎಂಬತ್ತರದು ಸಾಕು. ಅಲ್ಲೀತನಕಾ ಸ್ಪ್ರಿಂಗ್ ಬಿಗಿಯೂ ರಿಂಗ್ ಸಡ್ಲ ಮಾಡ್ಕೊಂಡು ಹಗೂರಕ ಹೊಡಿ."

ಅಮ್ಮನಿಗೆ ಹೇಳಿದೆ. ರೊಟ್ಟಿ ಬಡಿಯುತ್ತಿದ್ದ ಕೈ ನಿಂತಿತು.

"ಅವನ ಬಟ್ಟಿ ಹಂಚಿದ್ರಿ. ಕಾಟ್ ತಗದ್ರಿ. ಅವನ ಭಾರ ಒಂದ್ ಉಳದೈತಿ. ಅದನ್ನೂ ತಗೀತಿಯೇನು?"

ತೆಗೆಯದಿದ್ದರೆ ನಾನು ಬೀಳುತ್ತೇನೆ ಅಮ್ಮಾ. ಹಾಗೆ ಅಂದುಕೊಂಡೇ ಹೊರಗೆ ಬಂದೆ. ಸ್ಪ್ರಿಂಗು ಆರ್ಡರ್ ಮಾಡಿದೆ. ಪುಣೆಯಿಂದ ಬರಬೇಕಂತೆ.

ಜನವರಿ 13, ಸೋಮವಾರ

ರಿಂಗ್ ಸಡಿಲಿಸಿದೆ. ಹುಕ್ ಸ್ಪ್ಯಾನರ್ ಎರಡು ಸಲ ಜಾರಿ ಬೆರಳಿನ ಗೆಣ್ಣು ಒಡೆಯಿತು. ಆ ರಿಂಗ್ ಮೇಲೆ ಕೆಂಪು ಗುರುತು — ನನ್ನ ನೇಲ್ ಪಾಲಿಶ್. ಭೈಯಾ ಕದ್ದು ಹಚ್ಚಿದ್ದ, ತನ್ನ ಸೆಟ್ಟಿಂಗ್ ತಪ್ಪಬಾರದು ಅಂತ. ಆಗ ಎಷ್ಟು ಬೈದಿದ್ದೆ ಅವನಿಗೆ.

ಈಗ ಇಪ್ಪತ್ತೈದು ಕುಸಿಯುತ್ತದೆ. ಪೂರಾ ಸರಿಯಲ್ಲ. ಓಡಿಸಬಹುದು.

ಜನವರಿ 14

ರಿಂಗ್ ಮತ್ತೆ ಕೆಂಪು ಗುರುತಿಗೆ ಬಂದು ನಿಂತಿದೆ! ಕೂದಲೆಳೆಯಷ್ಟೂ ಹೆಚ್ಚುಕಡಿಮೆ ಇಲ್ಲ.

ಒಲೆಯ ಮುಂದೆ ಅಮ್ಮನ ಕೈ ನೋಡಿದೆ. ಉಗುರಲ್ಲಿ ಗ್ರೀಸ್.

"ಹೌದು, ನಾನ ತಿರುವೀನಿ. ಅವನs ಕಲಿಸಿದ್ದ. ಏನೀಗ?"

ಜಗಳ ಆಡಿದೆ. ಬಾಯಿಗೆ ಬಂದದ್ದು ಅಂದೆ. ಮಗ ಸತ್ತ, ಮಗಳೂ ಸಾಯಲಿ ಅಂತೀಯೇನು ಅಂದುಬಿಟ್ಟೆ. ಅಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಜನವರಿ 27, ಸೋಮವಾರ

ಬರೆಯಬಾರದು ಅಂದುಕೊಂಡಿದ್ದೆ.

ಅಮ್ಮ ಶುಕ್ರವಾರವೇ ಅಳ್ನಾವರಕ್ಕೆ ಹೋದಳು, ಮೆಹರುನಬಿ ಖಾಲಾ ಮನೆಯ ಮದುವೆಗೆ. ಶನಿವಾರ ರಿಂಗ್ ಮತ್ತೆ ಸಡಿಲಿಸಿ ಗ್ಯಾರೇಜಿನ ಶೆಡ್ಡಿಗೆ ಬೀಗ ಹಾಕಿದೆ. ಕೀಲಿ ನನ್ನ ಪರ್ಸಿನಲ್ಲಿ. ಭಾನುವಾರ ರಜೆ. ಇವತ್ತು ಬಾಗಿಲು ತೆಗೆದರೆ — ಕೆಂಪು ಗುರುತು.

"ಕಾಕಾ, ನೀವೇನರ..."

"ಬಸವಣ್ಣನ ಆಣಿ, ನಾ ಮುಟ್ಟಿಲ್ಲವಾ. ನಿನ್ನೆ ದಿನಾಪೂರ್ತಿ ಹೊಲದಾಗಿದ್ದೆ."

ಸಂಜೆ ಅಮ್ಮ ಬಂದಳು. ಹೇಳಿದೆ. ಬೈಯುತ್ತಾಳೆ ಅಂದುಕೊಂಡರೆ ಬುರ್ಖಾ ಸಹ ತೆಗೆಯದೆ ಹಾಗೇ ಹೊಸ್ತಿಲ ಮೇಲೆ ಕೂತಳು.

"ನಾ ತಿರುವಿದ್ದು ಒಂದs ಸಲ, ಬೇಟಿ."

ನನಗೆ ಹೆದರಿಕೆ ಆಗಿದೆ. ಹೌದು, ಆಗಿದೆ. ಇನ್ನು ಆ ರಿಂಗ್ ಮುಟ್ಟುವುದಿಲ್ಲ. ಹುಬ್ಬಳ್ಳಿಗೆ ಬಸ್ಸೇ ಸಾಕು.

ಫೆಬ್ರವರಿ 7, ಶುಕ್ರವಾರ. ಸಂಜೆ

ಪಾರ್ಸೆಲ್ ಬಂತು. ಹೊಸ ಸ್ಪ್ರಿಂಗು. ಹಳೆಯದರ ಪಕ್ಕ ಇಟ್ಟರೆ ಎಷ್ಟು ತೆಳ್ಳಗಿದೆ.

ನಮಾಜ್ ಮುಗಿಸಿ ಅಮ್ಮ ತಾನಾಗಿಯೇ ಶೆಡ್ಡಿಗೆ ಬಂದಳು. "ತಗಿಯೂಕಿಂತ ಮೊದ್ಲ ಒಂದ್ ಸಲ ಅಳೀರಿ. ಟೇಪ್ ನಾ ಹಿಡೀತೀನಿ."

"ಬರ್ರಿ ಅಕ್ಕಾರ, ಬರ್ರಿ," ಅಂತ ಕಾಕಾ ಹ್ಯಾಂಡಲ್ ಹಿಡಿದರು. ನಾನು ಹತ್ತಿದೆ. ರಿಂಗ್ ಕೆಂಪು ಗುರುತಿನಲ್ಲೇ ಇತ್ತು. ಅಂದರೆ ಹದಿನಾರು ಬರಬೇಕು.

"ಮೂವತ್ತು," ಅಂದಳು ಅಮ್ಮ.

"ತಪ್ಪು ಓದಿದಿ, ಇನ್ನೊಮ್ಮೆ ನೋಡು."

ಇನ್ನೊಮ್ಮೆ ನೋಡಿದಳು. ಕಾಕಾ ಒಂದು ಕೈಯಲ್ಲಿ ಗಾಡಿ ಹಿಡಿದುಕೊಂಡೇ ಬಗ್ಗಿ ನೋಡಿದರು. ಮೂವತ್ತೇ.

"ಹಿಂದ ಯಾರರ ಕುಂತಾರೇನ್ ತಂಗಿ?" ನಗಲು ಹೋದರು. ನಗು ಬರಲಿಲ್ಲ.

ನಾನು ಹಿಂದೆ ತಿರುಗಿ ನೋಡಲಿಲ್ಲ. ಇಳಿಯಲೂ ಆಗಲಿಲ್ಲ. "ಅಮ್ಮಾ" ಅಂತ ಅತ್ತುಬಿಟ್ಟೆ, ಚಿಕ್ಕ ಮಗುವಿನ ಹಾಗೆ.

ಅಮ್ಮ ನನ್ನ ಮೊಣಕೈ ನೋಡಿದಳು. ಗಾಯದ ಕಲೆ ಇನ್ನೂ ಇದೆ. ಟೇಪ್ ಕೆಳಗಿಟ್ಟಳು. ಹಿಂದಿನ ಸೀಟಿನ ಮೇಲೆ ಅಂಗೈ ಇಟ್ಟು ಸವರಿದಳು. ಜ್ವರದಲ್ಲಿ ಅವನ ಬೆನ್ನು ಸವರುತ್ತಿದ್ದದ್ದು ಹೀಗೆಯೇ.

"ಇಳಿ ಬೇಟಾ," ಅಂದಳು. "ಆಕಿ ಬೀಳ್ತಾಳ. ಇಳಿ."

ನನ್ನ ಕೆಳಗೆ ಗಾಡಿ ಎದ್ದಿತು. ನಿಧಾನಕ್ಕೆ, ಯಾರೋ ಮನಸ್ಸಿಲ್ಲದೆ ಇಳಿದ ಹಾಗೆ. ಅಮ್ಮ ಮತ್ತೆ ಟೇಪ್ ಹಿಡಿದಳು. ಹದಿನಾರು.

"ಶಾಕ್ ಅಬ್ಸಾರ್ಬರ್ ಸಿಕ್ಕೊಂಡಿತ್ತು," ಅಂದರು ಕಾಕಾ. "ಭಾಳ ದಿನಾ ನಿಂತ ಗಾಡಿ. ಹಂಗ ಆಕ್ಕೈತಿ."

"ಹೌದ್ರಿ ಕಾಕಾ," ಅಂದೆ. ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಕತ್ತಲಾಗುವುದರೊಳಗೆ ಹೊಸ ಸ್ಪ್ರಿಂಗು ಕೂರಿಸಿದೆವು. ಅಳತೆ ಮೂವತ್ತು. ಈಗ ಅದು ನನ್ನದು. ಹಳೆಯದನ್ನು ಅಮ್ಮ ಸೆರಗಿನಲ್ಲಿ ಒರೆಸಿ ಒಳಗೆ ಒಯ್ದಳು. ಅಡುಗೆಮನೆಯಲ್ಲಿ ಅಳುತ್ತಿದ್ದಾಳೆ. ಅಳಲಿ. ಅಕ್ಟೋಬರ್‌ನಿಂದ ಒಮ್ಮೆಯೂ ಅತ್ತಿರಲಿಲ್ಲ.

ನಾಳೆ ಓಡಿಸಿ ನೋಡಬೇಕು. ಬೀಳುವುದಿಲ್ಲ, ಗೊತ್ತು. ಆದರೂ ಬರೆಯುತ್ತಾ ಒಂದೇ ವಿಚಾರ ಕೊರೆಯುತ್ತಿದೆ. ಇಳಿ ಅಂದಳು, ಇಳಿದ. ಹೇಳಿದ ಮಾತು ಕೇಳುವ ಹುಡುಗನೇ ಅವನು. ಆದರೆ ಇಳಿದು ಎಲ್ಲಿಗೆ ಹೋಗಬೇಕು ಅಂತ ನಾವು ಯಾರೂ ಅವನಿಗೆ ಹೇಳಲೇ ಇಲ್ಲ.