ಈಗಷ್ಟೇ ಕಟ್ಟಿದ್ದು

ಮಾರ್ಚ್ 3, ಭಾನುವಾರ, ಬೆಳಗ್ಗೆ 7

ಕಾರಿನ ಡಿಕ್ಕಿಯಲ್ಲಿದ್ದ ಫಸ್ಟ್ ಏಡ್ ಪೆಟ್ಟಿಗೆ ಇಳಿಸಿ ನೋಡಿದೆ. ಗ್ಲೌಸ್, ಗಾಜ್ ಬಟ್ಟೆ, ಕತ್ತರಿ ಇವೆ. ರಕ್ತ ನಿಲ್ಲಿಸುವ ಪಟ್ಟಿ ಎರಡು. ಬಿಸಿಲಿಗೆ ಪ್ಲಾಸ್ಟರಿನ ಅಂಟೆಲ್ಲ ಕರಗಿದೆ, ಎಸೆದೆ. ನಮ್ಮ ವಾರ್ಡಿನಲ್ಲಿ ಕಾರಿರುವ ನರ್ಸುಗಳೆಲ್ಲ ಹೀಗೇ ಒಂದೊಂದು ಪೆಟ್ಟಿಗೆ ಹೊತ್ತು ತಿರುಗುತ್ತೇವೆ.

"ಸ್ಟೆಪ್ನಿಗೂ ಸ್ವಲ್ಪ ಜಾಗ ಬಿಡು ತಾಯಿ," ಎಂದರು ನಮ್ಮ ಯಜಮಾನರು. ಅತ್ತೆ ಬೇರೆ— "ಊರೋರ ಉಸಾಬರಿಯೆಲ್ಲ ನಿಂಗೇ ಬೇಕು." ಬೇಕು. ಏನೀಗ?

ಮಾರ್ಚ್ 5, ಮಂಗಳವಾರ, ಸಂಜೆ 6

ಬಂದವಳೇ ಡೈರಿ ತೆಗೆದೆ. ಬರೆದರೆ ಸರಿಹೋಗಬಹುದು.

ಡ್ಯೂಟಿ ಮುಗಿಸಿ ಬರುವಾಗ ಸೇತುವೆ ಹತ್ತಿರ ಪೋಸ್ಟ್‌ಮ್ಯಾನ್ ಒಬ್ಬರು ಬಿದ್ದಿದ್ದರು. ಲಾರಿ ತಗುಲಿ ಸ್ಕೂಟರ್ ಅಪ್ಪಚ್ಚಿ. ಮೊಣಕಾಲಿನ ಕೆಳಗಿಂದ ರಕ್ತ ಚಿಮ್ಮುತ್ತಿತ್ತು. ತೊಡೆಗೆ ಪಟ್ಟಿ ಬಿಗಿದೆ. ನಿಂತಿತು.

"ಕಾಲು ಉಳಿಯುತ್ತಾ ಸಿಸ್ಟರ್? ಇದೇ ನನ್ನ ಅನ್ನ."

"ಉಳಿಯುತ್ತಣ್ಣ, ಸುಮ್ನಿರಿ."

ಆಂಬುಲೆನ್ಸ್ ಬರುವವರೆಗೂ ಅವರ ಕೈ ಹಿಡಿದು ಕೂತೆ. ಅದರಲ್ಲಿ ಬಂದ ಹುಡುಗ ಕೇಳಿದ— "ಕಟ್ಟಿ ಎಷ್ಟೊತ್ತಾಯ್ತು?"

"ಈಗಷ್ಟೇ ಕಟ್ಟಿದ್ದು," ಎಂದೆ.

ನನಗೆ ಹಾಗೇ ಅನಿಸಿತ್ತು! ಈಗ ಫೋನ್ ತೆಗೆದು ನೋಡಿದರೆ... ಪಟ್ಟಿ ಕಟ್ಟಿ ಆಂಬುಲೆನ್ಸಿಗೆ ಕರೆ ಮಾಡಿದ್ದು 3.50ಕ್ಕೆ. ಅವರು ಹೊರಟ ಮೇಲೆ ಮನೆಗೆ ಮಾಡಿದ್ದು 4.55ಕ್ಕೆ. ಒಂದು ಗಂಟೆ ಎಲ್ಲಿ ಹೋಯಿತು?

ಕಟ್ಟಿದ ತಕ್ಷಣ ಪಟ್ಟಿಯ ಮೇಲೆ ಟೈಮ್ ಬರೆಯಬೇಕು. ಹೊಸ ಹುಡುಗಿಯರಿಗೆ ಬೈದು ಬೈದು ಕಲಿಸಿದವಳೇ ನಾನು. ಕಟ್ಟಿ ಎರಡು ಗಂಟೆ ದಾಟಿದರೆ ರಕ್ತವಿಲ್ಲದೆ ಕೆಳಗಿನ ಮಾಂಸ, ನರ ಸಾಯತೊಡಗುತ್ತವೆ. ಆಗಲೇ ದಾಟಿದೆ.

6.30

ಅತ್ತೆಗೆ ಹೇಳಿದೆ. "ಬಾಯ್ಮುಚ್ಕೊಂಡಿರು. ಉಪಕಾರ ಮಾಡಿ ಕೋರ್ಟು ಕಚೇರಿ ಅಲೀತೀಯಾ?"

ಇಪ್ಪತ್ತು ನಿಮಿಷ ಬಾಯಿ ಮುಚ್ಚಿಕೊಂಡೇ ಇದ್ದೆ. ಥೂ ನನ್ನ ಜನ್ಮಕ್ಕೆ. ಆಮೇಲೆ ಅವರನ್ನು ಒಯ್ದ ಆಸ್ಪತ್ರೆಗೆ ಫೋನ್ ಮಾಡಿದೆ.

"ಐದಕ್ಕೆ ಹತ್ತು ನಿಮಿಷ ಇದ್ದಾಗ ಕಟ್ಟಿದ್ದು ಅಂತ ಬರ್ಕೊಂಡಿದೀವಲ್ಲ," ಎಂದಳು ಅಲ್ಲಿನ ಸಿಸ್ಟರ್. "ಟೈಮ್ ಇದೆ ಅಂತ ಬೇರೆ ಕೇಸ್ ಮೊದ್ಲು ತಗೊಂಡ್ರು."

"ಇಲ್ಲಮ್ಮ. ನಾಲ್ಕಕ್ಕೂ ಮುಂಚೆ."

ಅವಳು ಯಾರನ್ನೋ ಕೂಗುತ್ತ ಓಡಿದ್ದು ಕೇಳಿಸಿತು. ಫೋನ್ ಇಡಲೂ ಇಲ್ಲ.

ಮಾರ್ಚ್ 9, ಶನಿವಾರ, ಮಧ್ಯಾಹ್ನ 2

ನಾಲ್ಕು ದಿನದಿಂದ ಡ್ಯೂಟಿಯಲ್ಲಿ ಪ್ರತಿ ಚೀಟಿಯ ಟೈಮನ್ನೂ ಎರಡೆರಡು ಸಲ ನೋಡುತ್ತಿದ್ದೇನೆ. ಇವತ್ತು ಗಟ್ಟಿ ಮನಸ್ಸು ಮಾಡಿ ಆ ಆಸ್ಪತ್ರೆಗೆ ಹೋಗಿಬಂದೆ.

ಪೋಸ್ಟ್‌ಮ್ಯಾನ್ ಹೆಂಡತಿ ನನ್ನ ಕೈ ಹಿಡಿದು ಬಿಡಲೇ ಇಲ್ಲ. "ದೇವ್ರು ಬಂದಂಗೆ ಬಂದ್ರಿ."

"ಇಲ್ಲಕ್ಕ... ಆವತ್ತು ಟೈಮ್ ತಪ್ಪು ಹೇಳ್ಬಿಟ್ಟೆ ನಾನು."

"ಜೀವ ಉಳೀತಲ್ಲ, ಟೈಮ್ ಕಟ್ಕೊಂಡು ಏನ್ ಮಾಡೋದು ಬಿಡಿ."

ಅವರಿಗೆ ಅರ್ಥವಾಗಲಿಲ್ಲ. ಬಿಡಿಸಿ ಹೇಳುವ ಧೈರ್ಯ ನನಗೂ ಬರಲಿಲ್ಲ.

ಕಾಲು ಇದೆ. ತೆಗೆದಿಲ್ಲ! ಬೆಳಗ್ಗೆಯಷ್ಟೇ ದೊಡ್ಡ ಕಟ್ಟು ಬಿಚ್ಚಿದ್ದಾರಂತೆ. ಪಾದ ಮುಟ್ಟಿದೆ. ಬೆಚ್ಚಗಿತ್ತು. ಅಬ್ಬಾ, ಅಲ್ಲೇ ಅಳು ಬಂತು.

"ಬೆರಳು ಆಡ್ಸಿ ನೋಡೋಣ ಅಣ್ಣ."

ಸೀಲಿಂಗ್ ನೋಡುತ್ತ ಮಲಗಿದ್ದವರು ನಕ್ಕರು. "ಆಡಿಸ್ತಾನೇ ಇದೀನಲ್ಲ ಸಿಸ್ಟರ್."

ಬಗ್ಗಿ ನೋಡಿದೆ. ಇನ್ನೊಮ್ಮೆ ನೋಡಿದೆ. ಒಂದು ಬೆರಳೂ—