ಎಣ್ಣೆ ಹುಡುಕುತ್ತ ಕಳೆದ ಮಾಗಿ

ಜೋಗಿಮಟ್ಟಿ ರಸ್ತೆ, ಚಿತ್ರದುರ್ಗ
ಮೌನಶಕೆ ಮೂವತ್ತೆಂಟು, ಮಾಗಿ ತಿಂಗಳ ನಲವತ್ತೊಂದನೆಯ ದಿನ

ಮುತ್ತಜ್ಜ ಓಬಳೇಶಪ್ಪನವರಿಗೆ, ನಿಮ್ಮ ಮೊಮ್ಮಗನ ಮಗಳು ಬೊಮ್ಮಕ್ಕ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ತಲೆ ಕೆರೆದುಕೊಳ್ಳಬೇಡಿ. ನಮ್ಮಲ್ಲಿ ಚಳಿ ಪೂರ್ತಿ ಹೋಗುವವರೆಗೂ ಮಾಗಿ ತಿಂಗಳನ್ನು ಮುಗಿಸುವುದಿಲ್ಲ. ಮಾಗಿ ಮುಗಿದರೆ ಬಿಸಿಲುಸೆರೆ ಶುರುವಾಗುತ್ತದೆ. ಹೊತ್ತೇರಿದ ಮೇಲೆ ಯಾರೂ ಹೊಸ್ತಿಲು ದಾಟುವಂತಿಲ್ಲದ ತಿಂಗಳುಗಳಿಗೆ ನಾವು ಇಟ್ಟುಕೊಂಡ ಹೆಸರು ಅದು. ಅದನ್ನು ಒಂದು ದಿನ ಮುಂದಕ್ಕೆ ತಳ್ಳಿದರೂ ಸಾಕು ಎಂದು ಊರಿನವರೆಲ್ಲ ಸೇರಿ ತಿಂಗಳನ್ನೇ ಎಳೆಯುತ್ತೇವೆ. ಮೌನಶಕೆ ಎಂದರೆ ಪೆಟ್ರೋಲಿನ ಬಂಡಿಗಳು ರಸ್ತೆ ಬಿಟ್ಟುಹೋದಂದಿನಿಂದ ಎಣಿಸುವ ಲೆಕ್ಕ. ನಿಮ್ಮ ಕ್ಯಾಲೆಂಡರಿನಲ್ಲಿ ಇದು ಎರಡು ಸಾವಿರದ ನೂರ ಇಪ್ಪತ್ತೊಂದು. ನನ್ನ ಮಾತಿನಲ್ಲಿ ಇನ್ನೂ ಇಂಥವು ಅಡ್ಡ ಬರುತ್ತವೆ, ಹೊಟ್ಟೆಗೆ ಹಾಕಿಕೊಳ್ಳಿ. ನಿಮಗೆ ಈಗ ನಲವತ್ತೂ ತುಂಬಿರಲಿಕ್ಕಿಲ್ಲ, ಮುತ್ತಜ್ಜ ಎಂದರೆ ಸಿಟ್ಟು ಬಂದೀತು. ಏನು ಮಾಡಲಿ, ಹೆಸರು ಹಿಡಿದು ಕರೆದರೆ ನಮ್ಮವ್ವ ಮಾರಕ್ಕ ಸುಮ್ಮನೆ ಬಿಡುವುದಿಲ್ಲ.

ನಿಮ್ಮ ಮೋಟಾರ್ ಸೈಕಲ್ಲು ಇನ್ನೂ ಇದೆ. ಅದನ್ನು ಮೊದಲು ಹೇಳಬೇಕಾಗಿತ್ತು. ಕಪ್ಪು ಟ್ಯಾಂಕಿನ, ಒದ್ದು ಚಾಲೂ ಮಾಡುವ, ಇಂಜಿನ್ನಿನ ಸುತ್ತ ತಗಡಿನ ಪಟ್ಟಿಗಳಿರುವ ಅದೇ ಬಂಡಿ. ಅದರ ಬಿಸಿ ಆರಿಸಲು ನೀರಿಲ್ಲ, ಫ್ಯಾನಿಲ್ಲ, ಎದುರಿಗೆ ಬರುವ ಗಾಳಿಯೇ ಆರಿಸಬೇಕು ಎಂದು ನಮ್ಮ ಮಕ್ಕಳಿಗೆ ಹೇಳಿದರೆ ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ಗಾಳಿಯಿಂದ ತಂಪಾಗುವ ವಸ್ತು ಎಂದರೇ ಅವರಿಗೆ ಸೋಜಿಗ. ಅವರು ಕಂಡ ಗಾಳಿಯೆಲ್ಲ ಬಿಸಿ ಗಾಳಿ. ಹಾಗಾಗಿ ದೀಪಾವಳಿಯ ದಿನವೊಂದನ್ನು ಬಿಟ್ಟರೆ ಬಂಡಿಯನ್ನು ಚಳಿಗಾಲದ ಬೆಳಗಿನಲ್ಲಿ ಮಾತ್ರ ಹೊರಗೆ ತೆಗೆಯುತ್ತೇವೆ, ಅದೂ ಸದ್ದಿನಪ್ಪಣೆ ಸಿಕ್ಕರೆ. ಸದ್ದು ಮಾಡುವ ಯಂತ್ರವನ್ನು ನಡೆಸಲು ಊರು ಕೊಡುವ ಪರವಾನಗಿ ಅದು. ಉಳಿದಂತೆ ನಮ್ಮ ಬೀದಿಯಲ್ಲಿ ಓಡುವುದೆಲ್ಲ ಮೌನಬಂಡಿ. ಬೆನ್ನ ಹಿಂದೆ ಬಂದು ನಿಂತರೂ ಗೊತ್ತಾಗುವುದಿಲ್ಲ. ನಿಮ್ಮ ಕಾಲದಲ್ಲಿ ಮನೆಯ ಯಜಮಾನ ಇನ್ನೂ ತಿರುವಿನಲ್ಲಿದ್ದಾಗಲೇ ಒಳಗಿನವರು ಸದ್ದು ಹಿಡಿದು ಒಲೆಯ ಮೇಲೆ ಚಹಾಕ್ಕೆ ನೀರಿಡುತ್ತಿದ್ದರಂತೆ. ಆ ಮಾತು ಕೇಳಿದಾಗೆಲ್ಲ ನನಗೆ ಹೊಟ್ಟೆಕಿಚ್ಚಾಗುತ್ತದೆ. ನಮ್ಮಲ್ಲಿ ಯಾರೂ ಬರುವುದು ಕೇಳಿಸುವುದಿಲ್ಲ, ಬಂದಿರುವುದು ಕಾಣಿಸುತ್ತದೆ, ಅಷ್ಟೇ.

ಬಂಡಿಗೆ ಎಣ್ಣೆ ಎರೆಯುವ ಪದ್ಧತಿಯೊಂದು ನಮ್ಮ ಮನೆಯಲ್ಲಿದೆ. ಅದರ ಮೂಲ ನೀವೇ, ನಿಮಗದು ಗೊತ್ತಿರಲಾರದು. ದೀಪಾವಳಿಯ ಎಣ್ಣೆಸ್ನಾನದ ದಿನ ನೀವು ಇಂಜಿನ್ ಆಯಿಲ್ ಬದಲಿಸುತ್ತಿದ್ದಾಗ ನಿಮ್ಮ ಮಗಳು ಮಾನ್ವಿತಾ, ಅಂದರೆ ನನ್ನ ಅಜ್ಜಿ, ತನ್ನ ತಲೆಯಿಂದ ಹರಳೆಣ್ಣೆ ಸೋರುತ್ತಿರುವಾಗಲೇ ಓಡಿಬಂದು, ಬಂಡಿಗೂ ನಾನೇ ಎರೆಯುತ್ತೇನೆ ಎಂದು ಹಟ ಹಿಡಿದಳಂತೆ. ನೀವು ಡಬ್ಬ ಅವಳ ಕೈಗೆ ಕೊಟ್ಟಿರಿ. ಮುಂದಿನ ವರ್ಷ ಅವಳ ತಮ್ಮನಿಗೂ ಬೇಕಾಯಿತು. ಆಮೇಲೆ ಅಳಿಯಂದಿರು, ಸೊಸೆಯರು, ಮೊಮ್ಮಕ್ಕಳು. ಡಬ್ಬದ ಎಣ್ಣೆ ಸಿಗದ ಕಾಲ ಬಂದಾಗ ಮನೆಯವರು ತಲೆಗೆ ಹಚ್ಚುವ ಹರಳೆಣ್ಣೆಯನ್ನೇ ಬಂಡಿಗೂ ಎರೆದರು. ಇಂಜಿನ್ ಈಗ ಕುಡಿಯುವುದು ಜೋಳದ ದಂಟಿನ ಸಾರಾಯಿ, ಹರಳೆಣ್ಣೆ ಅದಕ್ಕೆ ಚೆನ್ನಾಗಿಯೇ ಹೊಂದಿಕೊಂಡಿತು. ಈಗ ಹಬ್ಬದ ಬೆಳಿಗ್ಗೆ ಕವಲು ಕವಲಾಗಿ ಹರಡಿದ ಕುಟುಂಬವೆಲ್ಲ ಸೇರುತ್ತದೆ. ಒಬ್ಬೊಬ್ಬರೂ ತಮ್ಮ ಮನೆಯ ಗಿಂಡಿಯಿಂದ ಒಂದೊಂದು ಸೌಟು ಎರೆದು, ಟ್ಯಾಂಕು ಮುಟ್ಟಿ ಕಣ್ಣಿಗೊತ್ತಿಕೊಂಡು, ಹೋಳಿಗೆಗೆ ಕೂರುತ್ತಾರೆ. ಊಟವಾದ ಮೇಲೆ ನಮ್ಮಪ್ಪ ದುರುಗಪ್ಪ ಅವ್ವನನ್ನು ಹಿಂದೆ ಕೂರಿಸಿಕೊಂಡು ಬೆಟ್ಟದ ಬುಡದವರೆಗೆ ಒಂದು ಸುತ್ತು ಹಾಕಿಬರುತ್ತಿದ್ದ. ಎಷ್ಟು ಜನ ಎರೆದರೂ ಬಂಡಿ ಒಂದು ದಿನವೂ ಕೆಮ್ಮಲಿಲ್ಲ. ನಮ್ಮ ಮನೆಯವರ ಪ್ರೀತಿ ಅದಕ್ಕೆ ಒಗ್ಗುತ್ತದೆ ಎಂದೇ ನಾವೆಲ್ಲ ನಂಬಿದ್ದೆವು.

ಅಪ್ಪ ತೀರಿಕೊಂಡ ವರ್ಷದ ಹಬ್ಬದಲ್ಲಿ ಬಂಡಿಯ ಹೊಣೆ ನನಗೆ ಬಂತು. ಎಲ್ಲರೂ ಎರೆದರು. ಅಪ್ಪನಿಲ್ಲದ ಮೊದಲ ಹಬ್ಬವೆಂದು ಕೆಲವರು ಎರಡೆರಡು ಸೌಟು ಎರೆದರು. ಆ ವರ್ಷ ಸುತ್ತು ಮುಗಿಸಿ ಬರುವಷ್ಟರಲ್ಲಿ ಬೀದಿಯೆಲ್ಲ ಹೊಗೆ, ನನ್ನ ಕಾಲೆಲ್ಲ ಎಣ್ಣೆ. ಎರೆದ ಎಣ್ಣೆಯನ್ನು ತೆಗೆಯುವುದು ಅಪಚಾರ ಎಂದುಕೊಂಡು, ಹಾಗೇ ಒರೆಸಿ ಹೊದಿಕೆ ಹೊದಿಸಿದೆ. ಕಳೆದ ದೀಪಾವಳಿಗೆ ತೆಗೆದು ನೋಡಿದರೆ ಕಿಕ್ಕರು ಇಳಿಯಲೇ ಇಲ್ಲ. ಒಳಗಿನ ಎಣ್ಣೆ ಅಂಟಿನ ಹಾಗೆ ಗಟ್ಟಿಯಾಗಿ ಪಿಸ್ಟನ್ನಿನ ರಿಂಗುಗಳನ್ನು ಹಿಡಿದು ಕೂತಿತ್ತು. ಆಗ ಅವ್ವ ಬಂದು ನೋಡಿ, ತಣ್ಣಗೆ ಹೇಳಿದಳು: "ಅಲ್ಲ ಕಣೇ ಬೊಮ್ಮಿ, ನಿಮ್ಮಪ್ಪ ಎಲ್ಲಾರೂ ಉಣ್ಣಾಕೆ ಕುಂತಾಗ ಕೆಳಗಿನ ಬೋಲ್ಟ್ ಬಿಚ್ಚಿ ಜಾಸ್ತಿ ಇದ್ದಿದ್ದೆಲ್ಲ ಸುರಿದುಬಿಡ್ತಿದ್ದ. ಸುತ್ತು ಹಾಕ್ಕೊಂಡು ಬಂದ್ಮೇಲೆ ಬಿಸಿ ಇದ್ದಂಗೇ ಪೂರ್ತಿ ಇಳಿಸಿಬಿಡ್ತಿದ್ದ. ನೀನೂ ಹಂಗೇ ಮಾಡಿರ್ತೀಯ ಅಂದ್ಕಂಡಿದ್ದೆ." ಮೊದಲೇ ಯಾಕೆ ಹೇಳಲಿಲ್ಲ ಎಂದು ರೇಗಿದೆ. "ಯಾರ್ಗೂ ಹೇಳ್ಬ್ಯಾಡ ಅಂದಿದ್ದ. ಎರೆದೋರ ಮನಸು ನೋಯ್ತೈತೆ ಅಂತ," ಎಂದಳು.

ಅಷ್ಟು ವರ್ಷ ಹೋಳಿಗೆ ಆರಿಹೋಗುವವರೆಗೂ ಅಪ್ಪ ಊಟಕ್ಕೆ ಬರುತ್ತಿರಲಿಲ್ಲ. ಎಲ್ಲಿ ಹಾಳಾಗಿ ಹೋದ ಎಂದು ನಾವೇ ಆಡಿಕೊಳ್ಳುತ್ತಿದ್ದೆವು. ನನಗೆ ಆ ಕ್ಷಣ ಅಪ್ಪ ಬೇಕು ಅನ್ನಿಸಿತು. ಎಷ್ಟು ಬೇಕು ಅನ್ನಿಸಿತೆಂದರೆ, ಕೈಯಲ್ಲಿದ್ದ ಸ್ಪ್ಯಾನರು ಕೆಳಗಿಟ್ಟು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ.

ಅವ್ವನ ವಿಷಯ ಹೇಳಬೇಕು. ಅವಳ ಕಿವಿಯ ನರ ಒಣಗುತ್ತಿದೆ ಎಂದು ವೈದ್ಯರು ಹಬ್ಬದ ಹೊತ್ತಿಗೇ ಹೇಳಿದ್ದರು. ಯಂತ್ರದ ಕಿವಿ ಕೂರಿಸಬಹುದು, ಅದರಲ್ಲಿ ಮಾತು ತಿಳಿಯುತ್ತದೆ, ಆದರೆ ಎಲ್ಲ ದನಿಯೂ ಒಂದೇ ಥರ ಕೇಳುತ್ತದೆಯಂತೆ. ಅವ್ವ ಅದನ್ನೆಲ್ಲ ಕೇಳಿಸಿಕೊಂಡು ಒಂದೇ ಒಂದು ಕೇಳಿದಳು. ಅಪ್ಪನ ಜೊತೆ ಮದುವೆಯಾದ ಹೊಸದರಲ್ಲಿ, ಇನ್ನೂ ಕೆಲವು ಪೆಟ್ರೋಲಿನ ಬಂಡಿಗಳು ಓಡುತ್ತಿದ್ದ ಕಾಲದಲ್ಲಿ, ಅವನು ಕೆಲಸ ಮುಗಿಸಿ ಬರುವುದನ್ನು ಜಗಲಿಯ ಮೇಲೆ ಕೂತು ಕಾಯುತ್ತಿದ್ದಳಂತೆ. ಪಾಪಣ್ಣನ ಗಿರಣಿಯ ತಿರುವಿನಲ್ಲಿ ಅವನು ಗೇರು ಇಳಿಸುವ ಸದ್ದು ಕೇಳುತ್ತಿತ್ತು. ಕಿವಿ ಹೋಗುವುದರೊಳಗೆ ಜಗಲಿಯ ಮೇಲೆ ಕೂತು, ಆ ತಿರುವಿನಲ್ಲಿ ಆ ಬಂಡಿ ಬರುವುದನ್ನು ಇನ್ನೊಂದು ಸಲ ಕೇಳಬೇಕು ಎಂದಳು. ಅವ್ವ ಯಾವತ್ತೂ ಏನನ್ನೂ ಬಾಯಿಬಿಟ್ಟು ಕೇಳಿದವಳಲ್ಲ.

ಇಂಜಿನ್ ಬಿಚ್ಚಿದೆ. ಗಟ್ಟಿಯಾದ ಹರಳೆಣ್ಣೆ ಪೆಟ್ರೋಲಿಗೆ ಜಗ್ಗುವುದಿಲ್ಲ, ಸಾರಾಯಿಗೆ ಕರಗುತ್ತದೆ. ನೆನೆಹಾಕಿ, ಹಲ್ಲುಜ್ಜುವ ಬ್ರಷ್ಷಿನಲ್ಲಿ ಉಜ್ಜಿ, ಪಟ್ಟಿಗಳ ಸಂದಿನಲ್ಲಿ ಕೂತ ಮಣ್ಣನ್ನು ಕಡ್ಡಿಯಿಂದ ಕೆದಕಿ ತೆಗೆದೆ. ಮಾಗಿ ಹುಟ್ಟುವಷ್ಟರಲ್ಲಿ ಎಲ್ಲ ಸರಿಹೋಗಿತ್ತು. ಉಳಿದಿದ್ದು ಎಣ್ಣೆ ಹಾಕುವುದೊಂದೇ, ಮುತ್ತಜ್ಜ. ಅಲ್ಲಿ ನಾವು ಕೆಟ್ಟೆವು.

ಪಾಲಯ್ಯ ಮಾವ, ಅವ್ವನ ತಮ್ಮ, ಜೋಗಿಮಟ್ಟಿಯ ಗಾಳಿಕಂಬಗಳಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಗಾಳಿಯಿಂದ ಕರೆಂಟು ತೆಗೆಯುವ ಆ ಕಂಬಗಳಿಗೆ ಹಾಕುವ ಎಣ್ಣೆಯೇ ಈ ಲೋಕದಲ್ಲಿ ಶ್ರೇಷ್ಠ ಎಂಬುದು ಅವನ ವಾದ. "ಹರಳೆಣ್ಣೆ ಹಾಕಿ ಹಾಕಿ ಬಂಡೀನ ಬಾಣಂತಿ ಮಾಡಿಟ್ಟೀರಿ," ಎಂದು ನನ್ನನ್ನು ಆಡಿಕೊಂಡ. ಹಟ ಮಾಡಿ ಅದನ್ನೇ ಹಾಕಿಸಿದ. ಕಿಕ್ಕರು ಒದ್ದರೆ ಕಾಲು ಮೆತ್ತಗೆ ಕೆಳಗೆ ಹೋಯಿತು, ಇಂಜಿನ್ ತಿರುಗಲೇ ಇಲ್ಲ. ಈ ಬಂಡಿಯಲ್ಲಿ ಕ್ಲಚ್ಚಿನ ಪ್ಲೇಟುಗಳೂ ಅದೇ ಎಣ್ಣೆಯಲ್ಲಿ ಮುಳುಗಿರುತ್ತವೆ. ಒದೆತದ ಬಲ ಇಂಜಿನ್ನಿಗೆ ಮುಟ್ಟಬೇಕಾದರೆ ಅವು ಒಂದನ್ನೊಂದು ಹಿಡಿದುಕೊಳ್ಳಬೇಕು. ಅಷ್ಟು ನುಣುಪಾದ ಎಣ್ಣೆಯಲ್ಲಿ ಯಾವುದೂ ಯಾವುದನ್ನೂ ಹಿಡಿಯಲಿಲ್ಲ. ಪ್ಲೇಟುಗಳನ್ನೆಲ್ಲ ತೆಗೆದು, ತೊಳೆದು, ಒರಟು ಕಾಗದದಲ್ಲಿ ತಿಕ್ಕಿ ಮತ್ತೆ ಕೂರಿಸಬೇಕಾಯಿತು. ಮಾವ ಸೋತೆ ಎನ್ನಲಿಲ್ಲ, ಪ್ಲೇಟುಗಳೇ ಸರಿಯಿಲ್ಲ ಎಂದ.

ನಾನೇನು ಕಡಿಮೆಯೇ. ಹಾಕಿದರೆ ನಿಮ್ಮ ಕಾಲದ ಡಬ್ಬದ ಎಣ್ಣೆಯನ್ನೇ ಹಾಕಬೇಕು ಎಂದು ಪಟ್ಟು ಹಿಡಿದೆ. ಹುಬ್ಬಳ್ಳಿಗೆ, ಬಳ್ಳಾರಿಗೆ, ಹಳೆಯ ಸಾಮಾನು ಕೂಡಿಡುವ ಎಲ್ಲರಿಗೂ ಹೇಳಿಕಳಿಸಿ, ಉತ್ತರಕ್ಕಾಗಿ ಕಾದೆ. ದಿನ ಕಳೆಯಿತು. ಕೊನೆಗೆ ಬಳ್ಳಾರಿಯಿಂದ ಮೊಹರು ಒಡೆಯದ ಡಬ್ಬ ಬಂತು. ತೆರೆದರೆ ತಳದಲ್ಲಿ ಕೆಸರು, ಮೇಲೆ ಬರೀ ತೆಳ್ಳನೆ ನೀರಿನಂಥದ್ದು. ಮಾವ ನಕ್ಕ, ನಾನು ಕಿರುಚಿದೆ, ಎರಡು ದಿನ ಮಾತು ಬಿಟ್ಟೆವು. ನಮ್ಮ ಜಗಳದ ನಡುವೆ ಅವ್ವ ಮೊದಲಿಗಿಂತ ಜೋರಾಗಿ ಮಾತಾಡತೊಡಗಿದ್ದಳು. ನಮ್ಮ ಮೇಲಿನ ಸಿಟ್ಟು ಅಂದುಕೊಂಡೆವು.

ನಿನ್ನೆ ಅವಳೇ ಅಡುಗೆಮನೆಯಿಂದ ಹರಳೆಣ್ಣೆಯ ಗಿಂಡಿ ತಂದು ನಮ್ಮಿಬ್ಬರ ನಡುವೆ ಕುಕ್ಕಿದಳು. "ಇಷ್ಟು ವರ್ಷ ಇದೇ ಅಲ್ವೇನ್ರೋ ಹಾಕಿದ್ದು? ಹೊಸದು ಹಾಕ್ರಿ, ಓಡಿಸ್ರಿ, ಬಿಸಿ ಇದ್ದಂಗೇ ಇಳಿಸ್ರಿ. ಅದಕ್ಯಾಕೆ ಇಷ್ಟು ರಾಮಾಯಣ?" ನಾವಿಬ್ಬರೂ ಬಂಡಿಯನ್ನು ನೆಟ್ಟಗೆ ನಿಲ್ಲಿಸಿ, ಅಳತೆಕಡ್ಡಿಯ ಗುರುತಿನವರೆಗೆ ಎಣ್ಣೆ ಹಾಕಿದೆವು.

ಇವತ್ತು ಬೆಳಿಗ್ಗೆ ಅಪ್ಪಣೆಯೂ ಸಿಕ್ಕಿತ್ತು. ಮಾವ ಬಂಡಿಯನ್ನು ತಳ್ಳಿಕೊಂಡು ಗಿರಣಿಯ ತಿರುವಿನ ಆಚೆ ಹೋದ. ಅವ್ವ ಹಸಿರು ಸೀರೆ ಉಟ್ಟು ಜಗಲಿಯ ಮೇಲೆ ಕೂತಳು. ನಾನು ಪಕ್ಕದಲ್ಲಿ ನಿಂತೆ. ತುಸು ಹೊತ್ತಿಗೆ ಆಚೆಯಿಂದ ಸದ್ದು ಎದ್ದಿತು. ಮೊದಲು ಒಡಕು ಒಡಕಾಗಿ, ಆಮೇಲೆ ನೆಲ ಹಿಡಿದು ಒಂದೇ ಸಮನೆ. ಎದುರುಮನೆಯ ಮಕ್ಕಳು ಬಾಗಿಲಿಗೆ ಓಡಿಬಂದರು, ನಾಯಿಗಳು ಬೊಗಳಿದವು. ನಾನು ಅವ್ವನ ಮುಖ ನೋಡಿದೆ.

ಅವ್ವ ಸೆರಗು ಸರಿಮಾಡಿಕೊಳ್ಳುತ್ತ, "ಇನ್ನೂ ಚಾಲೂ ಆಗ್ಲಿಲ್ವೇನೇ? ಪಾಲಯ್ಯಂಗೆ ಒದೆಯಾಕೆ ಬರಲ್ಲ ಬಿಡು. ನಿಮ್ಮಪ್ಪ ಆಗಿದ್ರೆ ಒಂದೇ ಏಟು," ಎಂದಳು.

ಸದ್ದು ತಿರುವಿಗೆ ಬಂತು. ಮಾವ ಅಪ್ಪನ ಹಾಗೆಯೇ ಗೇರು ಇಳಿಸಿದ. ಬಂಡಿ ಕಣ್ಣಿಗೆ ಕಂಡಾಗ ಅವ್ವ ಅದನ್ನು ನೋಡಿದಳು, ಕಿವಿ ಮುಚ್ಚಿಕೊಂಡು ಕುಣಿಯುತ್ತಿದ್ದ ಮಕ್ಕಳನ್ನು ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಅವಳಿಗೆ ಗೊತ್ತಾಯಿತು. ಅಳಲಿಲ್ಲ. ಎದ್ದು ಹೋಗಿ ನಡುಗುತ್ತಿದ್ದ ಟ್ಯಾಂಕಿನ ಮೇಲೆ ಅಂಗೈ ಇಟ್ಟು, ಅಪ್ಪಣೆಯ ಹೊತ್ತು ಮುಗಿದು ಮಾವ ಬಂಡಿ ನಿಲ್ಲಿಸುವವರೆಗೂ ಹಾಗೇ ನಿಂತಿದ್ದಳು.

ಮುತ್ತಜ್ಜ, ನೀವು ಈಗ ಏನು ಮಾಡುತ್ತಿದ್ದೀರಿ ಎಂಬುದು ನನಗೆ ಗೊತ್ತು. ಮಾನ್ವಿತಜ್ಜಿ ಹೇಳಿ ಹೇಳಿ ನಗುತ್ತಿದ್ದಳು. ಬಂಡಿಯ ಹಳೆ ಆಯಿಲ್ ಇಳಿಸಿ, ಬೋಲ್ಟು ಬಿಚ್ಚಿಟ್ಟು, ಯಾವ ಎಣ್ಣೆ ಒಳ್ಳೆಯದು ಎಂದು ಮೊಬೈಲಿನ ಗುಂಪಿನಲ್ಲಿ ವಾರಗಟ್ಟಲೆ ವಾದ ಮಾಡುತ್ತ ಕೂತಿದ್ದೀರಿ. ಬಂಡಿ ಗೋಡೆಗೆ ಒರಗಿದೆ. ಸಾಕು ಮಾಡಿ. ಬಂಡಿಯ ಜೊತೆ ಬಂದ ಪುಸ್ತಕದಲ್ಲಿ ಎಂಥ ಎಣ್ಣೆ ಎಂದು ಬರೆದಿದೆ. ಮೋಟಾರ್ ಸೈಕಲ್ಲಿಗೆಂದೇ ಮಾಡಿದ್ದನ್ನು, ಕಾರಿನದನ್ನಲ್ಲ, ಯಾವ ಕಂಪನಿಯದಾದರೂ ತನ್ನಿ. ಬೋಲ್ಟಿಗೆ ಹೊಸ ವಾಷರು ಹಾಕಿ. ಗುರುತಿಗಿಂತ ಮೇಲೆ ಹೋಗಬೇಡಿ. ಹೊತ್ತು ಹೊತ್ತಿಗೆ, ಇಂಜಿನ್ ಬಿಸಿಯಿರುವಾಗ, ಹಳೆಯದನ್ನು ಇಳಿಸಿಬಿಡಿ. ಸಾಧಾರಣದ ಎಣ್ಣೆ ಹೊತ್ತಿಗೆ ಸರಿಯಾಗಿ ಬದಲಾದರೆ ಸಾಕು, ಬಂಡಿ ನನ್ನ ಕಾಲದವರೆಗೂ ಬರುತ್ತದೆ. ಬಂದಿದೆ.

ಕೊನೆಯದಾಗಿ ಒಂದು ಬೇಡಿಕೆ. ಬೆಳಿಗ್ಗೆ ಚಾಲೂ ಮಾಡಿದ ತಕ್ಷಣ ಗೇರು ಹಾಕಿ ಹೊರಟುಬಿಡಬೇಡಿ. ಎಣ್ಣೆ ಮೇಲಿನವರೆಗೂ ಏರಲು ತುಸು ಹೊತ್ತು ಬೇಕು. ಆ ಹೊತ್ತಿನಲ್ಲಿ ಮನೆಯೊಳಗಿನಿಂದ ಯಾರಾದರೂ, ಇನ್ನೂ ಹೋಗಲಿಲ್ಲವೇ, ಏನು ಗಲಾಟೆ ನಿಮ್ಮದು ಎಂದು ಕೂಗಿದರೆ ಸಿಟ್ಟು ಮಾಡಿಕೊಳ್ಳಬೇಡಿ. ಅವರಿಗೆ ಕೇಳಿಸುತ್ತಿದೆ.

ನಿಮ್ಮ
ಬೊಮ್ಮಕ್ಕ