ಮೂಗಿನಿಂದ ಇಳಿದರೆ ಔಷಧ, ಬಾಯಿಂದ ಕುಡಿದರೆ ಊಟ

ಮಕ್ಕಳ ಚಿಕಿತ್ಸಾ ನೆರವನ್ನು ಮಂಜೂರು ಮಾಡುವ ಅಧಿಕಾರಿಗಳೇ,

ನನ್ನ ತಂಗಿ ನಿಮ್ಮ ನಿಯಮಕ್ಕೆ ಬೇಕಾದಷ್ಟು ಹಟಮಾರಿಯಲ್ಲ. ಆ ಕಾರಣಕ್ಕೆ ಅವಳ ಚಿಕಿತ್ಸೆ ಅರ್ಧಕ್ಕೆ ನಿಲ್ಲುವಂತಾಗಿದೆ. ಮಗುವನ್ನು ಇಷ್ಟು ವಿಧೇಯಳಾಗಿ ಬೆಳೆಸಿದ್ದಕ್ಕೆ ಮನೆಯವರೆಲ್ಲರ ಪರವಾಗಿ ಕ್ಷಮೆ ಕೋರುತ್ತೇನೆ.

ಹತ್ತು ವರ್ಷದ ಅವಳಿಗೆ ಕ್ರೋನ್ಸ್ ಕಾಯಿಲೆ. ಕರುಳಿನಲ್ಲಿ ಉರಿಯೂತ, ಹುಣ್ಣು. ತಿಂದದ್ದು ಮೈಗೆ ಹತ್ತುವುದಿಲ್ಲ. ಎಂಟು ವಾರ ಊಟ ತಿಂಡಿ ಪೂರ್ತಿ ಬಂದ್, ಡಬ್ಬಿಯ ಪುಡಿ ಕದಡಿದ ಪೌಷ್ಟಿಕ ಪಾನೀಯವೊಂದೇ ಎಂದರು ಡಾಕ್ಟರಮ್ಮ. ಕರುಳಿಗೆ ಮಾಯಲು ಅವಕಾಶ ಕೊಡುವ ಮದ್ದು ಅದು. ಸ್ಟೀರಾಯ್ಡ್ ಕೊಡಬಹುದು, ಆದರೆ ಬೆಳೆಯುವ ವಯಸ್ಸು, ಎತ್ತರಕ್ಕೆ ಪೆಟ್ಟು ಬಿದ್ದೀತು ಎಂದೂ ಹೇಳಿದರು.

ಮೊದಲ ದಿನ ಆ ಪಾನೀಯವನ್ನು ಹೊಟ್ಟೆಗೆ ಇಳಿಸಲೆಂದು ಮೂಗಿಗೆ ನಳಿಕೆ ಹಾಕಲು ಬಂದ ನರ್ಸ್ ಜೊತೆ ನಮ್ಮ ತಂಗಿ ವಾದಕ್ಕೆ ನಿಂತಳು. ಮನೆಯಲ್ಲಿ ಅವಳನ್ನು ಸುಮ್ಮನೆ ವಕೀಲಮ್ಮ ಅನ್ನುವುದಿಲ್ಲ.

"ಸಿಸ್ಟರ್, ಮೂಗಿನ ತಂಟೆಗೆ ಬರ್ಬೇಡಿ. ನಾನೇ ಕುಡೀತೀನಿ, ನೋಡ್ತಾ ಇರಿ."

ಮೂಗು ಹಿಡಿದುಕೊಂಡು ಕುಡಿದಳು. ಇವತ್ತಿಗೂ ಕುಡಿಯುತ್ತಿದ್ದಾಳೆ. ಹೊಟ್ಟೆನೋವು ಇಳಿದಿದೆ, ಕೆನ್ನೆ ತುಂಬುತ್ತಿದೆ. ಅವಳ ಕಣ್ಣಿಗೆ ಬೀಳಬಾರದೆಂದು ನಾವು ಮಹಡಿ ಮೆಟ್ಟಿಲ ಮೇಲೆ ಕಳ್ಳರಂತೆ ಉಣ್ಣುತ್ತೇವೆ. ಅಮ್ಮ ಈರುಳ್ಳಿ ಹುರಿಯುವುದನ್ನೇ ಬಿಟ್ಟಿದ್ದಾಳೆ. ಒಂದು ಕೆಲಸದಲ್ಲೂ ಕಾಲೂರದ ನಾನು ಈಗ ಇರುವುದು ಬೇಕರಿಯಲ್ಲಿ; ಬಾಗಿಲು ದಾಟುವಷ್ಟರಲ್ಲಿ ನನ್ನ ಅಂಗಿ ಮೂಸುತ್ತಾಳೆ. "ಅಕ್ಕಾ, ಇವತ್ತು ಬನ್ ಸೀದಿದೆ, ಅಲ್ವಾ?" ಸೀದಿರುತ್ತದೆ.

ಆಸ್ಪತ್ರೆಯವರು ಕೊಟ್ಟ ಡಬ್ಬಿಗಳು ಈ ವಾರಕ್ಕೆ ಮುಗಿಯುತ್ತವೆ. ಕೊಳ್ಳುವ ಶಕ್ತಿ ನಮಗಿಲ್ಲ. ನೆರವು ಕೇಳಿ ಅರ್ಜಿ ಹಾಕಿದ್ದಕ್ಕೆ ನಿಮ್ಮ ಕಚೇರಿಯಿಂದ ಬಂದ ಉತ್ತರವೇನು? ನಳಿಕೆಯಲ್ಲಿ ಹೋದರೆ ಈ ಪುಡಿ ಚಿಕಿತ್ಸೆ, ನೆರವುಂಟು. ಬಾಯಿಂದ ಕುಡಿದರೆ ಅದು ಆಹಾರ, ಪಾಲಕರ ಹೊಣೆ. ಡಬ್ಬಿ ಅದೇ, ಹೊಟ್ಟೆ ಅದೇ, ಹುಣ್ಣೂ ಅದೇ. ನಾಲಿಗೆ ದಾಟುವಾಗ ಅದರ ಔಷಧಗುಣವನ್ನು ಯಾರು ಕಸಿದುಕೊಳ್ಳುತ್ತಾರೆ ಸ್ವಾಮಿ?

ನಿಮ್ಮ ಗುಮಾಸ್ತರು ಒಳ್ಳೆಯವರು, ದಾರಿಯನ್ನೂ ತೋರಿಸಿದರು.

"ಅಲ್ಲಮ್ಮ, ಹುಡುಗಿ ಕುಡಿಯೋದೇ ಇಲ್ಲ ಅಂದ್ಬಿಡಿ. ನಳಿಕೆ ಹಾಕಿಸಿ, ನಾಳೆನೇ ಮಂಜೂರು."

"ಕುಡೀತಾಳಲ್ಲ ಸಾರ್!"

"ಅದೇ ನೋಡಿ ತೊಂದ್ರೆ."

ಆಮೇಲೆ ನಾನೂ ತಂಗಿಯೂ ನಿಮ್ಮ ಕೋಣೆಗೆ ಬಂದೆವು. ನೀವು ದೊಡ್ಡ ಮನಸ್ಸಿನಿಂದ ಬಿಸ್ಕತ್ತಿನ ತಟ್ಟೆ ಮುಂದೆ ತಳ್ಳಿದಿರಿ. "ಒಂದು ತಗೋ ಪುಟ್ಟಿ, ಏನೂ ಆಗಲ್ಲ." ಅವಳು ಒಂದನ್ನು ಎತ್ತಿಕೊಂಡಳು, ತಿರುಗಿಸಿ ನೋಡಿದಳು, ಮತ್ತೆ ತಟ್ಟೆಯಲ್ಲೇ ಇಟ್ಟಳು.

"ಬೇಡ ಸಾರ್. ಇದು ಊಟ. ನಂದು ಔಷಧ."

ನೀವು ನಕ್ಕಿರಿ. ನಿಮ್ಮ ಇಲಾಖೆಗೆ ಗೊತ್ತಿರದ ವ್ಯತ್ಯಾಸ ಅವಳಿಗೆ ಗೊತ್ತಿದೆಯಲ್ಲ ಎಂಬ ಸಂತೋಷಕ್ಕೇ ನಕ್ಕಿರಬೇಕು. ನೀವು ನೋಡದೆ ಹೋದದ್ದು ಇಷ್ಟು: ಮನೆಗೆ ಬರುವವರೆಗೂ ಬಸ್ಸಿನಲ್ಲಿ ಅವಳು ಆ ಬೆರಳುಗಳನ್ನು ಮೂಸುತ್ತಲೇ ಇದ್ದಳು.

ಇಳಿಯುವ ಹೊತ್ತಿಗೆ ಕೇಳಿದಳು: "ಅಕ್ಕಾ, ನಾನು ಕುಡಿಯಲ್ಲ ಅಂತ ಅತ್ತಿದ್ರೆ ಡಬ್ಬಿ ಕೊಡ್ತಿದ್ರಾ?"

ನನಗೆ ಸುಳ್ಳು ಬಾಯಿಗೆ ಬರುವುದಿಲ್ಲ. "ಹೂಂ" ಎಂದೆ.

ಅಂದಿನಿಂದ ಲೋಟ ಕೈಗೆ ಬಂದಾಗ ಅವಳು ಒಂದು ಗಳಿಗೆ ಸುಮ್ಮನೆ ಕೂರುತ್ತಾಳೆ, ಆಮೇಲೆ ಕುಡಿಯುತ್ತಾಳೆ. ಆ ಒಂದು ಗಳಿಗೆಯನ್ನು ಅವಳಿಗೆ ಕಲಿಸಿದ್ದು ನೀವು.

ನಾನು ಕೇಳುವುದು ದಾನವಲ್ಲ, ಬಿಸ್ಕತ್ತೂ ಅಲ್ಲ. ನಿಮ್ಮ ನಿಯಮದಲ್ಲಿ ಮೂಗಿನ ಪಕ್ಕ ಬಾಯಿಗೂ ಒಂದು ಜಾಗ ಕೊಡಿ. ಮುಖದಲ್ಲಿ ಅವೆರಡೂ ಈಗಾಗಲೇ ಅಕ್ಕಪಕ್ಕದಲ್ಲೇ ಇವೆ. ಈ ವಾರದ ಡಬ್ಬಿ ಖಾಲಿಯಾಗುವ ಮೊದಲು ಕೊಡಿ.

ಇಂತಿ,
ಶಾಲೆಯನ್ನು ಅರ್ಧಕ್ಕೆ ಬಿಟ್ಟವಳು; ಅರ್ಧಕ್ಕೆ ಬಿಟ್ಟರೆ ಏನಾಗುತ್ತದೆಂದು ಬಲ್ಲವಳು